ಮೊದಲು ಹಣವೋ, ಮೊದಲು ಬೆಳಕೋ?

ಪಾಠವನ್ನು ಮುಗಿಸಿ ಕೊಠಡಿಯಿಂದ ಹೊರಕ್ಕೆ ಬರುತ್ತಿದ್ದಾಗ ಕುಷ್ಟಗಿಯ ಕಡೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ತಡೆದು ನಿಲ್ಲಿಸಿದನು. ಅವನ ಅಣ್ಣನು ಕಟ್ಟಡದ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿ, ಹೆಂಡತಿ ಮಗುವಿನೊಡನೆ ಒಂದು ಬಾಡಿಗೆಯ ಕೋಣೆಯಲ್ಲಿದ್ದಾನೆ. ಆ ಕೋಣೆಯ ವಿದ್ಯುತ್ ಮೀಟರಿಗೆ ಮುಂಗಡವಾಗಿ ಹಣ ತುಂಬಬೇಕು. ತುಂಬಿದ ಹಣ ತೀರಿತೆಂದರೆ ದೀಪವೂ ತೀರಿತು. “ನಮ್ಮೂರಾಗ ತಿಂಗಳು ಮುಗದ ಮ್ಯಾಲ ಬಿಲ್ಲು ಬರತೈತ್ರಿ ಸರ. ಅಲ್ಲಿ ರಾತ್ರಿ ಹತ್ತಕ್ಕ ರೊಕ್ಕ ಮುಗೀತಂತ, ಲೈಟು ಹೋತಂತ. ಕೂಸಿಗೆ ಜ್ವರ ಇತ್ತು, ಫ್ಯಾನು ನಿಂತ್ತು. ಅದನ್ನ ನಮ್ಮೂರಿನಂಗ ಮಾಡಾಕ ಬರಂಗಿಲ್ಲೇನ್ರಿ?” ಎಂದು ಅವನು ಕೇಳಿದನು.

ಇದು ಭೌತವಿಜ್ಞಾನದ ಉಪನ್ಯಾಸಕರನ್ನು ಕೇಳುವ ಪ್ರಶ್ನೆಯಲ್ಲ, ವಿದ್ಯುತ್ ಕಚೇರಿಯಲ್ಲಿ ಕೇಳುವ ಪ್ರಶ್ನೆ ಎಂದು ನಮಗೆ ಮೊದಲು ತೋರಿತು. ಮನೆಗೆ ಬಂದು ಯೋಚಿಸಿದಾಗ ನಮ್ಮ ಎಣಿಕೆ ತಪ್ಪೆನಿಸಿತು. ಮೀಟರು ಅಳೆಯುವುದೇನು, ಅದು ದೀಪವನ್ನು ಆರಿಸುವುದು ಹೇಗೆ, ಸಾಲವೆಂಬುದನ್ನು ಲೆಕ್ಕ ಹಾಕುವುದು ಹೇಗೆ ಎಂಬ ಮೂರು ಸಂಗತಿಗಳನ್ನೂ ಅರಿಯದೆ ಅವನಿಗೆ ಉತ್ತರ ಕೊಡುವಂತಿರಲಿಲ್ಲ.

ನಮ್ಮ ಕೊಪ್ಪಳ ಸೀಮೆಯ ಕಿರಾಣಿ ಅಂಗಡಿಗಳಲ್ಲಿ ವ್ಯವಹಾರವು ಎರಡು ಬಗೆ: ರೊಕ್ಕ ಮತ್ತು ಉದ್ರಿ. ‘ಇಂದು ನಗದು, ನಾಳೆ ಉದ್ರಿ’ ಎಂದು ಗೋಡೆಯ ಮೇಲೆ ಬರೆದ ಅಂಗಡಿಯವನೂ ಒಳಗೊಂದು ಉದ್ರಿಯ ಪುಸ್ತಕವನ್ನು ಇಟ್ಟಿರುತ್ತಾನೆ. ವಿದ್ಯುತ್ ಕಂಪೆನಿಯೂ ಅಂತಹ ಅಂಗಡಿಯೇ. ಆದರೆ ಒಂದು ವ್ಯತ್ಯಾಸವಿದೆ. ಕಿರಾಣಿಯವನು ಸಕ್ಕರೆಯನ್ನು ತೂಗಿ ಕೈಗೆ ಕೊಡುತ್ತಾನೆ. ವಿದ್ಯುಚ್ಛಕ್ತಿಯಾದರೋ ತಂತಿಯಲ್ಲಿ ಬರುತ್ತಿರುವಂತೆಯೇ ವ್ಯಯವಾಗಿಬಿಡುತ್ತದೆ. ಕೊಟ್ಟದ್ದನ್ನು ಮರಳಿ ಪಡೆಯುವ ಮಾತೇ ಇಲ್ಲ. ಆದ್ದರಿಂದ ತೂಕದವನು ಪ್ರತಿ ಮನೆಯಲ್ಲೂ ಹಗಲಿರುಳು ಕುಳಿತಿರಬೇಕಾಗುತ್ತದೆ. ಆ ತೂಕದವನೇ ಮೀಟರು.

ಮೊದಲ ಮೀಟರುಗಳಲ್ಲಿ ತೂಕವು ನಿಜವಾದ ತೂಕವೇ ಆಗಿತ್ತು. 1880ರ ದಶಕದಲ್ಲಿ ಎಡಿಸನ್ನನು ನ್ಯೂಯಾರ್ಕಿನ ಗಿರಾಕಿಗಳ ಮನೆಗಳಲ್ಲಿ ಇರಿಸಿದ ಮೀಟರು ಸತುವಿನ ಫಲಕಗಳನ್ನು ಸತುವಿನ ಲವಣದ ದ್ರಾವಣದಲ್ಲಿ ಮುಳುಗಿಸಿದ ಜಾಡಿಯಾಗಿತ್ತು. ವಿದ್ಯುತ್ತು ಹರಿದಂತೆಲ್ಲ ಒಂದು ಫಲಕದ ಸತುವು ಕರಗಿ ಇನ್ನೊಂದರ ಮೇಲೆ ಕೂರುತ್ತಿತ್ತು. ಕಂಪೆನಿಯ ಆಳು ಬಂದು ಫಲಕಗಳನ್ನು ಒಯ್ದು ತಕ್ಕಡಿಯಲ್ಲಿ ತೂಗಿ ಬಿಲ್ಲನ್ನು ಬರೆಯುತ್ತಿದ್ದನು. ಗಿರಾಕಿಗೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವ ಮಾರ್ಗವೇ ಇರಲಿಲ್ಲ.

ಇಟಲಿಯ ಗೆಲಿಲಿಯೊ ಫೆರಾರಿಸ್ ಎಂಬ ವಿಜ್ಞಾನಿಯು 1885ರಲ್ಲಿ ತೋರಿಸಿಕೊಟ್ಟ ಭ್ರಮಿಸುವ ಕಾಂತಕ್ಷೇತ್ರದ ತತ್ತ್ವವನ್ನು ಅನುಸರಿಸಿ, ಹಂಗೆರಿಯ ಒಟ್ಟೊ ಬ್ಲಾತಿಯು 1889ರಲ್ಲಿ ಪರ್ಯಾಯ ಪ್ರವಾಹದ ಮೀಟರಿಗೆ ಹಕ್ಕುಪತ್ರ ಪಡೆದನು. ನಮ್ಮ ಹಿರಿಯರ ಮನೆಗಳಲ್ಲಿ ಗಾಜಿನ ಹಿಂದೆ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆಯು ಅದರ ವಂಶದ್ದೇ. ಒಂದು ಸುರುಳಿ ವೋಲ್ಟೇಜಿಗೆ, ಇನ್ನೊಂದು ಪ್ರವಾಹಕ್ಕೆ. ಎರಡರ ಕಾಂತಕ್ಷೇತ್ರಗಳೂ ಕೂಡಿ ತಟ್ಟೆಯಲ್ಲಿ ಸುಳಿಪ್ರವಾಹಗಳನ್ನು ಎಬ್ಬಿಸಿ ಅದನ್ನು ತಳ್ಳುತ್ತವೆ. ಹತ್ತಿರದಲ್ಲಿರುವ ಒಂದು ಶಾಶ್ವತ ಕಾಂತವು, ಅದೇ ಸುಳಿಪ್ರವಾಹಗಳ ಮೂಲಕ, ತಟ್ಟೆಯನ್ನು ಹಿಡಿದೆಳೆಯುತ್ತದೆ. ತಳ್ಳುವ ಬಲವು ಸಾಮರ್ಥ್ಯಕ್ಕೆ ಅನುಗುಣ, ತಡೆಯುವ ಬಲವು ವೇಗಕ್ಕೆ ಅನುಗುಣ. ಆದ್ದರಿಂದ ವೇಗವು ಸಾಮರ್ಥ್ಯಕ್ಕೆ ಅನುಗುಣವಾಗುತ್ತದೆ. ಸುತ್ತುಗಳನ್ನು ಎಣಿಸಿದರೆ ಶಕ್ತಿಯು ದೊರೆಯಿತು. ಇಷ್ಟು ಸರಳವಾದ ಉಪಾಯವು ಸುಮಾರು ನೂರು ವರ್ಷ ನಮ್ಮ ಗೋಡೆಗಳ ಮೇಲೆ ದುಡಿಯಿತು.

ಈಗಿನ ವಿದ್ಯುನ್ಮಾನ ಮೀಟರಿನಲ್ಲಿ ತಟ್ಟೆಯಿಲ್ಲ. ಮಿನುಗುವ ಒಂದು ಕೆಂಪು ದೀಪವಿದೆ. ವಾಚಕರು ಇಂದು ಸಂಜೆಯೇ ಒಂದು ಪ್ರಯೋಗವನ್ನು ಮಾಡಿನೋಡಬಹುದು. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. ಹಲವು ಮೀಟರುಗಳಲ್ಲಿ ಆ ಸಂಖ್ಯೆ 3200. ಯೂನಿಟ್ಟೆಂದರೆ 1000 ವಾಟಿನ ಉಪಕರಣವು ಒಂದು ಗಂಟೆ ನುಂಗುವ ಶಕ್ತಿ, ಅಂದರೆ 36 ಲಕ್ಷ ಜೂಲು. ಅದನ್ನು 3200ರಿಂದ ಭಾಗಿಸಿದರೆ ಒಂದು ಮಿನುಗಿಗೆ 1125 ಜೂಲು. ಮನೆಯ ಉಳಿದೆಲ್ಲವನ್ನೂ ನಿಲ್ಲಿಸಿ ಒಂದು ಬೀಸಣಿಗೆಯನ್ನು ಮಾತ್ರ ತಿರುಗಬಿಟ್ಟು, ಎರಡು ಮಿನುಗುಗಳ ನಡುವಣ ಕಾಲವನ್ನು ಗಡಿಯಾರದಲ್ಲಿ ಅಳೆಯಿರಿ. ಹದಿನೈದು ಸೆಕೆಂಡು ಬಂದರೆ ಬೀಸಣಿಗೆಯು 75 ವಾಟಿನದು. ಮೀಟರು ಓಡುತ್ತಿದೆಯೆಂದು ದೂರುವ ಮುನ್ನ ಈ ಪರೀಕ್ಷೆಯನ್ನು ಮಾಡುವವರು ನೂರಕ್ಕೊಬ್ಬರೂ ಇರಲಾರರು.

ಅಳೆಯುವವನು ಸಿಕ್ಕಿದ ಮೇಲೆ ವಸೂಲಿಯ ಪ್ರಶ್ನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ರೌನ್‌ಹಿಲ್ ಎಂಬಾತನು 1887ರಲ್ಲಿ ನಾಣ್ಯ ಹಾಕಿದರೆ ಮಾತ್ರ ಅನಿಲವನ್ನು ಬಿಡುವ ಮೀಟರಿಗೆ ಹಕ್ಕುಪತ್ರ ಪಡೆದನು. ವಾರದ ಕೂಲಿಯವರಿಗೆ ತಿಂಗಳುಗಟ್ಟಲೆಯ ಬಿಲ್ಲು ಭಾರ. ಒಂದೊಂದೇ ಪೆನ್ನಿಯಾದರೆ ಹಗುರ. ಆವರೆಗೆ ಅನಿಲದ ದೀಪವನ್ನೇ ಕಾಣದ ಬಡ ಮನೆಗಳಿಗೆ ಈ ಯಂತ್ರದ ಮೂಲಕವೇ ಬೆಳಕು ಬಂದಿತೆಂಬುದನ್ನು ಮರೆಯಲಾಗದು.

ನಾಣ್ಯ ಹೋಗಿ ಸಂಖ್ಯೆ ಬಂದುದು ದಕ್ಷಿಣ ಆಫ್ರಿಕದಲ್ಲಿ. ಅಲ್ಲಿ 1990ರ ದಶಕದಲ್ಲಿ ರೂಪುಗೊಂಡ ಪದ್ಧತಿಯಲ್ಲಿ ಗಿರಾಕಿಯು ಹಣ ಕೊಟ್ಟು ಇಪ್ಪತ್ತು ಅಂಕಿಗಳ ಒಂದು ಗುಪ್ತ ಸಂಖ್ಯೆಯನ್ನು ಕೊಳ್ಳುತ್ತಾನೆ; ಅದನ್ನು ಮೀಟರಿನ ಗುಂಡಿಗಳ ಮೇಲೆ ಒತ್ತಿದರೆ ಅಷ್ಟು ಯೂನಿಟ್ಟು ಜಮೆಯಾಗುತ್ತದೆ. ಒಂದೇ ಸಂಖ್ಯೆಯನ್ನು ಎರಡು ಸಲ ಬಳಸದಂತೆ ಅದರೊಳಗೆ ಕಾಲವನ್ನೂ ಅಡಗಿಸಿದ್ದಾರೆ: 1993ರ ಜನವರಿ 1ರಿಂದ ಕಳೆದ ನಿಮಿಷಗಳ ಎಣಿಕೆ. ಆ ಎಣಿಕೆಗೆ ಮೀಸಲಿಟ್ಟ ಜಾಗವು ದ್ವಿಮಾನ ಪದ್ಧತಿಯ 24 ಸ್ಥಾನಗಳು. ಎರಡರ 24ನೆಯ ಘಾತವು 1,67,77,216. ಇಷ್ಟು ನಿಮಿಷಗಳೆಂದರೆ 11,650 ದಿನಗಳು ಮತ್ತು ಸ್ವಲ್ಪ. ಕೂಡಿಸಿ ನೋಡಿದರೆ 2024ರ ನವೆಂಬರ್ 24ಕ್ಕೆ ಆ ಜಾಗ ತುಂಬಿಹೋಗುತ್ತದೆ! ಹಾಗಾಗಿಯೇ ಆ ದಿನದೊಳಗೆ ಲೋಕದಲ್ಲೆಲ್ಲ ಇದ್ದ ಇಂತಹ ಕೋಟ್ಯಂತರ ಮೀಟರುಗಳಿಗೆ ವಿಶೇಷ ಸಂಖ್ಯೆಗಳನ್ನು ಒತ್ತಿ ಹೊಸ ಎಣಿಕೆಗೆ ಅಣಿಗೊಳಿಸಬೇಕಾಯಿತು. ಉಳಿದವು ಹೊಸ ಹಣವನ್ನು ಒಪ್ಪದಂತಾಗುತ್ತಿದ್ದವು. ಗಣಿತವನ್ನು ನಿರುಪಯೋಗಿಯೆನ್ನುವ ವಿದ್ಯಾರ್ಥಿಗಳಿಗೆ ನಾವು ಈ ಕಥೆಯನ್ನು ಹೇಳುವುದುಂಟು.

ದೀಪವನ್ನು ಆರಿಸುವ ಕೈಯಾದರೂ ಯಾವುದು? ಮೀಟರಿನೊಳಗಿನ ಒಂದು ಚಿಕ್ಕ ರಿಲೇ. ಒಂದು ಕ್ಷಣಿಕ ಪ್ರವಾಹವು ಅದರ ಸುರುಳಿಯಲ್ಲಿ ಹಾಯ್ದರೆ ಸಂಪರ್ಕದ ತುಂಡು ಆಚೆಗೆ ಸರಿಯುತ್ತದೆ. ಆಮೇಲೆ ಶಾಶ್ವತ ಕಾಂತವೇ ಅದನ್ನು ಅಲ್ಲಿ ಹಿಡಿದಿಡುತ್ತದೆ. ಈಗಿನ ಸ್ಮಾರ್ಟ್ ಮೀಟರುಗಳಲ್ಲಿ ದೂರದಿಂದಲೇ ಆಜ್ಞೆ ಕಳುಹಿಸಿ ಈ ಕೆಲಸವನ್ನು ಮಾಡಬಹುದು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಂತಹ ಮೀಟರನ್ನು ಪೂರ್ವಪಾವತಿಯಿಂದ ಉದ್ರಿ ಖಾತೆಗೆ ಬದಲಾಯಿಸಲು ಮೀಟರನ್ನು ಕಳಚಬೇಕಾಗಿಲ್ಲ. ಲೆಕ್ಕದ ಕ್ರಮವನ್ನು ಬದಲಿಸಿದರೆ ಸಾಕು. ರಿಲೇಯು ಅಲ್ಲಿಯೇ ಇರುತ್ತದೆ. ಬದಲಾಗುವುದು ಅದಕ್ಕೆ ಆಜ್ಞೆಯಿಡುವ ನಿಯಮ.

ಆ ನಿಯಮವು ಭಾರತದಲ್ಲಿ 2003ರ ವಿದ್ಯುತ್ ಕಾಯಿದೆಯಲ್ಲಿದೆ. ಅದರ 56ನೆಯ ಪ್ರಕರಣದಂತೆ, ಬಾಕಿ ಉಳಿಸಿಕೊಂಡವನ ಸಂಪರ್ಕವನ್ನು ಕಡಿಯಬೇಕಾದರೆ ಪೂರ್ತಿ ಹದಿನೈದು ದಿನಗಳ ಲಿಖಿತ ಸೂಚನೆ ಕೊಡಬೇಕು. ಪೂರ್ವಪಾವತಿಯಲ್ಲಿ ಬಾಕಿಯೇ ಹುಟ್ಟುವುದಿಲ್ಲ. ಜಮೆ ಸೊನ್ನೆಯಾದಾಗ ಯಂತ್ರವು ಸೂಚನಾಪತ್ರಕ್ಕಾಗಿ ಕಾಯುವುದಿಲ್ಲ. ಇದಕ್ಕೆ ಪ್ರತಿಯಾಗಿ 47ನೆಯ ಪ್ರಕರಣವು ಪೂರ್ವಪಾವತಿಯವನಿಗೆ ಒಂದು ಅನುಕೂಲವನ್ನು ಮಾಡಿಕೊಟ್ಟಿದೆ: ಅವನಿಂದ ಭದ್ರತಾ ಠೇವಣಿಯನ್ನು ಕೇಳುವಂತಿಲ್ಲ. ಉದ್ರಿ ಖಾತೆಯವನು ಠೇವಣಿ ಇಡಬೇಕು; ಕಂಪೆನಿಯು ಅದಕ್ಕೆ ಬಡ್ಡಿ ಕೊಡಬೇಕು.

ಕರ್ನಾಟಕದಲ್ಲಿ ಈ ಠೇವಣಿಯು ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು. ಎರಡೇ ಏಕೆ? ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 90 ಯೂನಿಟ್ಟು ಬಳಸುವ ಮನೆ. ಎಣಿಕೆಯ ಸೌಕರ್ಯಕ್ಕಾಗಿ ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ 3 ಯೂನಿಟ್ಟು, 18 ರೂಪಾಯಿ. ಮೂವತ್ತು ದಿನ ಕಳೆದು ಬಿಲ್ಲು ಬರುವಾಗ ಸಾಲವು 540. ಕಟ್ಟಲು ಸುಮಾರು ಹದಿನೈದು ದಿನಗಳ ಅವಧಿ. ಅಷ್ಟರಲ್ಲಿ ಸಾಲವು 810. ಕಟ್ಟದಿದ್ದರೆ ಸೂಚನೆಯ ಹದಿನೈದು ದಿನ, ಆಗ 1080. ಇದು ಸರಿಯಾಗಿ ಎರಡು ತಿಂಗಳ ಮೊತ್ತ. ಅಂದರೆ ಅರವತ್ತನೆಯ ದಿನ ತಂತಿಯನ್ನು ಕಡಿದರೂ ಕಂಪೆನಿಗೆ ನಷ್ಟವಿಲ್ಲ. ಉದ್ರಿಯೆಂಬ ಹೆಸರಿದ್ದರೂ ಅಂಗಡಿಯವನು ತನ್ನ ಕೈಯಿಂದ ಏನನ್ನೂ ಕೊಟ್ಟಂತಾಗಲಿಲ್ಲ! ಗಿರಾಕಿಯು ಕೊಂಡುದು ಸಾಲವನ್ನಲ್ಲ, ಕಾಲಾವಕಾಶವನ್ನು. ಜ್ವರದ ಮಗುವಿರುವ ಮನೆಗೆ ಆ ಕಾಲಾವಕಾಶದ ಬೆಲೆ ಎಷ್ಟೆಂಬುದನ್ನು ಯಾವ ಮೀಟರೂ ಅಳೆಯಲಾರದು.

ಈ 1080 ರೂಪಾಯಿಗಳನ್ನು ಒಮ್ಮೆಗೇ ಹೊಂದಿಸುವುದು ಎಲ್ಲರಿಗೂ ಸಮನಾದ ಕೆಲಸವಲ್ಲ. ತಿಂಗಳ ಸಂಬಳದ ನಮ್ಮಂತಹವರಿಗೆ ಅದು ಹಗುರ. ಗಂಗಾವತಿಯ ನೀರಾವರಿ ಗದ್ದೆಯವನ ಕೈಗೆ ಹಣ ಬರುವುದು ಭತ್ತದ ಸುಗ್ಗಿಯಲ್ಲಿ, ಯಲಬುರ್ಗಾ, ಕುಷ್ಟಗಿಗಳ ಮಳೆಯಾಶ್ರಿತ ಹೊಲದವನಿಗೆ ಆ ವರ್ಷದ ಮಳೆ ಹೇಗೋ ಹಾಗೆ, ದಿನಗೂಲಿಯವನಿಗೆ ಸಂಜೆಗಷ್ಟು. ಕೊನೆಯವನಿಗೆ ಐವತ್ತು, ನೂರು ಎಂದು ತುಂಬುವ ಪದ್ಧತಿಯೇ ಸುಲಭವೆನಿಸಿದರೆ ಆಶ್ಚರ್ಯವಿಲ್ಲ. ಆದಕಾರಣ ಪೂರ್ವಪಾವತಿಯನ್ನು ಸಾರಾಸಗಟಾಗಿ ಹಳಿಯಲು ನಾವು ಒಪ್ಪುವುದಿಲ್ಲ. ನಮ್ಮ ಆಕ್ಷೇಪವಿರುವುದು ಬೇರೊಂದು ಕಡೆ. ಉದ್ರಿ ಖಾತೆಯ ಮನೆಯೊಂದು ಕತ್ತಲಾದರೆ ಕಚೇರಿಯ ದಫ್ತರದಲ್ಲಿ ಅದು ದಾಖಲಾಗುತ್ತದೆ. ಸೂಚನೆ, ದಿನಾಂಕ, ಸಹಿ ಎಲ್ಲವೂ ಇರುತ್ತವೆ. ಪೂರ್ವಪಾವತಿಯ ಮನೆಯು ಕತ್ತಲಾದರೆ ‘ಈತನು ಕೊಳ್ಳಲಿಲ್ಲ’ ಎಂದಷ್ಟೇ ಲೆಕ್ಕ. ಬ್ರಿಟನ್ನಿನಲ್ಲಿ ಬಾಕಿದಾರರನ್ನು ಒತ್ತಾಯದಿಂದ ಪೂರ್ವಪಾವತಿಗೆ ತಳ್ಳುವ ರೂಢಿಯು ಎಷ್ಟು ಮುಂದುವರಿಯಿತೆಂದರೆ, 2023ರ ಫೆಬ್ರವರಿಯಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಯು ಅದನ್ನು ನಿಲ್ಲಿಸುವಂತೆ ಕಂಪೆನಿಗಳಿಗೆ ಹೇಳಬೇಕಾಯಿತು.

ನಮ್ಮ ದೇಶದ ಗಾಳಿ ಪೂರ್ವಪಾವತಿಯ ಕಡೆಗೇ ಬೀಸುತ್ತಿದೆ. 2020ರ ಗ್ರಾಹಕರ ಹಕ್ಕುಗಳ ನಿಯಮಗಳು ಹೊಸ ಸಂಪರ್ಕಗಳಿಗೆ ಪೂರ್ವಪಾವತಿ ಮೀಟರನ್ನೇ ವಿಧಿಸಿ, ಅಪವಾದಗಳನ್ನು ಆಯಾ ರಾಜ್ಯದ ಆಯೋಗಕ್ಕೆ ಬಿಟ್ಟಿವೆ. 2025ರಲ್ಲಿ ಬೆಂಗಳೂರಿನ ಸರಬರಾಜು ಕಂಪೆನಿಯು ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿದಾಗ ಅದರ ಬೆಲೆಯ ವಿಷಯವಾಗಿ ವಾದವೆದ್ದು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ನಮ್ಮ ಕೊಪ್ಪಳ ಜಿಲ್ಲೆಗೆ ವಿದ್ಯುತ್ತನ್ನು ಹಂಚುವುದು 2002ರಲ್ಲಿ ಗುಲಬರ್ಗಾದಲ್ಲಿ ಸ್ಥಾಪಿತವಾದ ಕಂಪೆನಿ, ಜನರ ಬಾಯಲ್ಲಿ ಜೆಸ್ಕಾಂ. ಮನೆಮನೆಗೂ ಬಂದು ಅಂಕಿಯನ್ನು ಓದಿ ಬಿಲ್ಲಿನ ಚೀಟಿಯನ್ನು ಕೈಗಿಡುವ ಮೀಟರ್ ರೀಡರನು ನಮ್ಮ ಓಣಿಗಳಲ್ಲಿ ಚಿರಪರಿಚಿತ.

2023ರಲ್ಲಿ ರಾಜ್ಯ ಸರ್ಕಾರವು ಆರಂಭಿಸಿದ ಗೃಹಜ್ಯೋತಿ ಯೋಜನೆಯು ಈ ವಿಷಯಕ್ಕೆ ಒಂದು ಸ್ವಾರಸ್ಯವಾದ ತಿರುವನ್ನು ಕೊಟ್ಟಿತು. ಆರಂಭದಲ್ಲಿ ಹಿಂದಿನ ಸರಾಸರಿಯ ಮೇಲೆ ಶೇಕಡಾ ಹತ್ತು ಸೇರಿಸಿ ಅಷ್ಟು ಯೂನಿಟ್ಟು ಉಚಿತವಾಗಿತ್ತು. ತಿಂಗಳ ಬಳಕೆ 200 ಯೂನಿಟ್ಟನ್ನು ಮೀರಿದರೆ ಪೂರ್ತಿ ಬಿಲ್ಲು. ಹದಿನೈದನೆಯ ತಾರೀಖಿನಂದು ನಿಂತು ನೋಡುವ ಮೀಟರಿಗೆ ಈ ಮನೆಯು 200ನ್ನು ಮೀರುವುದೋ ಇಲ್ಲವೋ ತಿಳಿಯದು. ತಿಂಗಳು ಮುಗಿದ ಮೇಲೆಯೇ ತೀರ್ಮಾನ. ದಿನದಿನವೂ ಜಮೆಯನ್ನು ಕಳೆಯುತ್ತ ಹೋಗುವ ಪೂರ್ವಪಾವತಿಗೆ ಇಂತಹ ರಿಯಾಯಿತಿ ಸುಲಭವಾಗಿ ಒಗ್ಗದು. ಉದ್ರಿಯ ಖಾತೆಗೆ ಅದು ಸಹಜವಾಗಿ ಹೊಂದುತ್ತದೆ.

ಇನ್ನು ಆ ಅಣ್ಣನ ವಿಚಾರ. ಅವನು ಗೋಡೆಯ ಮೇಲಿನ ಮೀಟರಿನ ಚಿತ್ರವನ್ನು ಕಳುಹಿಸಿಕೊಟ್ಟನು. ಅದು ಕಂಪೆನಿಯದಲ್ಲ, ಕಟ್ಟಡದ ಮಾಲೀಕನು ಕೋಣೆಗೊಂದರಂತೆ ಹಾಕಿಸಿದ ಉಪಮೀಟರು. ಕಂಪೆನಿಯ ಖಾತೆ ಮಾಲೀಕನ ಹೆಸರಿನಲ್ಲಿದೆ, ಅದು ಉದ್ರಿಯ ಖಾತೆಯೇ! ಮಾಲೀಕನು ತಾನು ತಿಂಗಳ ಕೊನೆಗೆ ಕಟ್ಟುತ್ತ, ಬಾಡಿಗೆಯವರಿಂದ ಮೊದಲೇ ಪಡೆಯುತ್ತಿದ್ದಾನೆ. ಕಾಯಿದೆಯ ಹದಿನೈದು ದಿನಗಳ ರಕ್ಷೆಯು ಮಾಲೀಕನವರೆಗೆ ಬಂದು ಅಲ್ಲಿಗೇ ನಿಂತಿತ್ತು. ಮೀಟರು ದಿನಕ್ಕಿಷ್ಟೆಂದು ಸ್ಥಿರ ಶುಲ್ಕವನ್ನೂ ಕಳೆಯುತ್ತಿದ್ದುದರಿಂದ, ಊರಿಗೆ ಬಂದು ಹೋದ ವಾರದಲ್ಲಿ ಒಂದು ದೀಪವನ್ನೂ ಉರಿಸದೆಯೇ ಅವನ ಜಮೆ ಕರಗಿತ್ತು. ರಾತ್ರಿ ಹತ್ತಕ್ಕೆ ಅದು ಮುಗಿದುದರ ಗುಟ್ಟು ಇದೇ.

ನಾವು ಅವನಿಗೆ ಬರೆಯಿಸಿದ್ದು ಇಷ್ಟೇ: ಮಾಲೀಕನೊಡನೆ ಮಾತನಾಡಿ ಎರಡು ತಿಂಗಳ ಮೊತ್ತವನ್ನು ಠೇವಣಿಯಾಗಿ ಕೊಡಲು ಸಿದ್ಧನಿದ್ದೇನೆಂದು ಹೇಳು, ಒಪ್ಪಿದರೆ ಬದಲಾವಣೆಯ ದಿನ ಮೀಟರಿನ ಅಂಕಿಯನ್ನೂ ಉಳಿದ ಜಮೆಯನ್ನೂ ಇಬ್ಬರೂ ನೋಡಿ ಬರೆದಿಟ್ಟುಕೊಳ್ಳಿರಿ, ಠೇವಣಿಗೆ ರಸೀತಿ ಪಡೆ. ಅವನು ಮೂರು ದಿನಗಳ ಬಳಿಕ ತಮ್ಮನಿಗೆ ಫೋನು ಮಾಡಿದನಂತೆ. ಮಾಲೀಕನು ಉದ್ರಿಗೆ ಒಪ್ಪಲಿಲ್ಲ. ಆದರೆ ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಜಮೆ ತೀರಿದರೂ ದೀಪ ಆರದಂತೆ ಮೀಟರನ್ನು ಹೊಂದಿಸಿ, ಆ ಬಳಕೆಯನ್ನು ಮರುದಿನದ ಜಮೆಯಲ್ಲಿ ಕಳೆಯಲು ಒಪ್ಪಿದನು.

“ಹಂಗಾದ್ರ ರಾತ್ರಿ ಹನ್ನೆರಡು ತಾಸು ಉದ್ರಿ ಆತಲ್ರಿ ಸರ,” ಎಂದನು ನಮ್ಮ ವಿದ್ಯಾರ್ಥಿ.