ದೂರದ ವಿಮಾನಯಾತ್ರೆಯೂ ಫೋನಿನ ಬುತ್ತಿಯೂ

ನಮ್ಮ ಲಗ್ಗೆರೆಯು ಹಿಂದೆ ಪೀಣ್ಯದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವವರ ಊರೆನಿಸಿಕೊಂಡಿತ್ತು. ಲೇತ್ ಯಂತ್ರಗಳ ಸದ್ದು ನಮ್ಮ ಬೀದಿಯಲ್ಲಿ ಇಂದಿಗೂ ನಿಂತಿಲ್ಲ. ಆದರೆ ಆ ಯಂತ್ರಗಳ ಮುಂದೆ ದುಡಿದ ತಂದೆಯರ ಮಕ್ಕಳಲ್ಲಿ ಹಲವರು ಕಂಪ್ಯೂಟರ್ ವಿದ್ಯೆಯನ್ನು ಕಲಿತು ಕಡಲಾಚೆಗೆ ಹೋಗಿ ನೆಲಸಿದ್ದಾರೆ. ಆದಕಾರಣ ಮಗಳ ಬಾಣಂತನಕ್ಕೆಂದೋ ಮೊಮ್ಮಗುವಿನ ಆರೈಕೆಗೆಂದೋ, ತಿರುಪತಿಯಿಂದಾಚೆಗೆ ಕಾಲಿಡದಿದ್ದ ಹಿರಿಯರೂ ಅಮೆರಿಕಾಕ್ಕೆ ಹೊರಡುವುದುಂಟು. ಇಂಥವರು ಹಪ್ಪಳ ಸಂಡಿಗೆ, ಮೆಂತ್ಯದ ಹಿಟ್ಟು, ಬಾಣಂತಿಯ ಲೇಹ್ಯ ಇವುಗಳನ್ನು ತೂಕ ಹಾಕಿ ಕಟ್ಟುವುದರಲ್ಲಿ ತೋರಿಸುವ ಎಚ್ಚರದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಕೈಯಲ್ಲಿರುವ ಫೋನಿನ ವಿಷಯದಲ್ಲಿ ತೋರಿಸುವುದಿಲ್ಲ. ಎರಡು ವರ್ಷದ ಹಿಂದೆ ನಾವೂ ತೋರಿಸಲಿಲ್ಲ.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋವಿಗೂ ನಡುವೆ ಎಲ್ಲಿಯೂ ಇಳಿಯದೆ ಹಾರಬಹುದೆಂಬುದನ್ನು ಏರ್ ಇಂಡಿಯಾ ಸಂಸ್ಥೆಯವರು 2021ರ ಜನವರಿಯಲ್ಲಿ ತೋರಿಸಿಕೊಟ್ಟರು. ಕ್ಯಾಪ್ಟನ್ ಜೋಯಾ ಅಗರ್‌ವಾಲರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಆ ವಿಮಾನವು ಉತ್ತರಧ್ರುವ ಪ್ರದೇಶವನ್ನು ಹಾದು ಸುಮಾರು 17 ಗಂಟೆಗಳಲ್ಲಿ ದೇವನಹಳ್ಳಿಯ ನಿಲ್ದಾಣಕ್ಕೆ ಬಂದಿಳಿಯಿತು. ನಾವಾದರೋ ಕೊಲ್ಲಿಯ ದೇಶವೊಂದರಲ್ಲಿ ಇಳಿದು ಇನ್ನೊಂದು ವಿಮಾನವನ್ನು ಹತ್ತಿದವರು. ಲಗ್ಗೆರೆಯಿಂದ ಹೆಬ್ಬಾಳದ ಸಂದಣಿಯನ್ನು ದಾಟಿ ನಿಲ್ದಾಣವನ್ನು ಸೇರಲು 2 ಗಂಟೆ, ಅಲ್ಲಿ 3, ಮೊದಲ ಹಾರಾಟ 4, ನಡುವೆ ಕಾದದ್ದು 4, ಎರಡನೆಯ ಹಾರಾಟ 16. ಒಟ್ಟು 29 ಗಂಟೆ. ಇಷ್ಟು ಹೊತ್ತಿಗೆ ಸಾಲುವಷ್ಟು ಬುತ್ತಿಯನ್ನು ನಮಗೆ ಕಟ್ಟಿಕೊಂಡಿದ್ದೆವು, ಫೋನಿಗೆ ಕಟ್ಟಿರಲಿಲ್ಲ.

ಕಟ್ಟಿರಲಿಲ್ಲವೆಂದರೆ ಪೂರ್ತಿ ನಿಜವಾಗದು. ಪವರ್ ಬ್ಯಾಂಕೊಂದನ್ನು ಕೊಂಡು ದೊಡ್ಡ ಪೆಟ್ಟಿಗೆಯ ಅಡಿಯಲ್ಲಿ, ಸೀರೆಗಳ ನಡುವೆ, ಭದ್ರವಾಗಿ ಇಟ್ಟಿದ್ದೆವು. ಅದು ನಿಷಿದ್ಧ. ತಪಾಸಣೆಯವರು ಪೆಟ್ಟಿಗೆಯನ್ನು ತೆರೆಸಿ ಅದನ್ನು ತೆಗೆದಿಟ್ಟುಕೊಂಡರು. ತಪ್ಪು ನಮ್ಮದೇ.

ಕಾಳಿದಾಸನು ರಘುವಂಶದ 13ನೆಯ ಸರ್ಗದಲ್ಲಿ, ಪುಷ್ಪಕವಿಮಾನದ ಗವಾಕ್ಷದಿಂದ ಸೀತೆಯು ಕೈ ಚಾಚಿ ಮೇಘವನ್ನು ಮುಟ್ಟಿದಳೆಂದು ವರ್ಣಿಸಿರುವನಷ್ಟೆ. ಎಷ್ಟೋ ವರ್ಷ ಅದನ್ನು ಹುಡುಗರಿಗೆ ಪಾಠ ಹೇಳಿದ ನಮಗೆ ದೊರೆತದ್ದು ಇಕಾನಮಿ ದರ್ಜೆಯ ನಡುಸಾಲು. ಗವಾಕ್ಷದ ಮಾತು ಹಾಗಿರಲಿ, ಕೈ ಚಾಚಲು ಸ್ಥಳವೇ ಇರಲಿಲ್ಲ. ಆಸನದ ಕೆಳಗೆ, ಕಾಲುಗಳ ನಡುವಣ ಕತ್ತಲೆಯಲ್ಲಿ, ಪ್ಲಗ್ಗಿನ ತೂತುಗಳಿದ್ದುವು. ಮೂರು ಜನಕ್ಕೆ ಎರಡು. ಅವುಗಳಲ್ಲಿ ಒಂದು ಎಷ್ಟೋ ಯಾತ್ರಿಕರ ಕೈಯಲ್ಲಿ ಸವೆದು ಸಡಿಲವಾಗಿ ನಮ್ಮ ಚಾರ್ಜರನ್ನು ಹಿಡಿದುಕೊಳ್ಳಲಾರದೆ ಮೂರು ಸಲ ಕೆಡವಿತು. ಇನ್ನೊಂದರಲ್ಲಿ ಪಕ್ಕದ ತರುಣನ ಕಂಪ್ಯೂಟರು. ಆತನನ್ನು ಕೇಳಲು ಸಂಕೋಚಪಟ್ಟು ಸುಮ್ಮನಾದೆವು. ನಮ್ಮ ಮನೆಯವರು ದೇವರನಾಮಗಳನ್ನು ಕೇಳುತ್ತ, ನಾವು ಗಳಿಗೆಗೊಮ್ಮೆ ಹೊತ್ತು ನೋಡುತ್ತ, ಆ ಫೋನನ್ನು ಬರಿದು ಮಾಡಿದೆವು.

ಇಳಿದ ಮೇಲೆ ವಲಸೆಯ ಅಧಿಕಾರಿಯು, ಎಲ್ಲಿ ತಂಗುವಿರಿ, ವಿಳಾಸವೇನು ಎಂದು ಕೇಳಿದನು. ವಿಳಾಸವೂ ಮಗಳ ನಂಬರೂ ಹಿಂದಿರುಗುವ ಟಿಕೆಟ್ಟೂ ಫೋನಿನಲ್ಲಿದ್ದುವು. ಫೋನು ಕಪ್ಪುಕಲ್ಲಿನಂತೆ ಇತ್ತು. ಅಮರಕೋಶವನ್ನು ಬಾಯಿಪಾಠ ಮಾಡಿದ ನಮಗೆ ಹೆತ್ತ ಮಗಳ ನಂಬರು ಬಾಯಿಗೆ ಬರುತ್ತಿರಲಿಲ್ಲ. ಹಿಂದಿನ ಸಾಲು ಬೆಳೆಯುತ್ತಿತ್ತು, ಬೆವರಿದೆವು. ಆಗ ನಮ್ಮ ಮನೆಯವರು ಕೈಚೀಲದಿಂದ ಒಂಟಿಕೊಪ್ಪಲು ಪಂಚಾಂಗವನ್ನು ತೆಗೆದು ರಟ್ಟಿನ ಒಳಬದಿಯನ್ನು ಅಧಿಕಾರಿಯ ಮುಂದೆ ಹಿಡಿದರು. ಹಬ್ಬಹರಿದಿನಗಳು ತಿಳಿಯಲೆಂದು ಒಯ್ದ ಆ ಪಂಚಾಂಗದಲ್ಲಿ ಮಗಳ ವಿಳಾಸವನ್ನೂ ನಂಬರನ್ನೂ ನೀಲಿ ಶಾಯಿಯಲ್ಲಿ ಬರೆದುಕೊಂಡಿದ್ದರು. ನಮಗೆ ಹೇಳಿರಲಿಲ್ಲ; ಹೇಳಿದ್ದರೆ ನಕ್ಕುಬಿಡುತ್ತಿದ್ದೆವೆಂಬುದನ್ನು ಬಲ್ಲರು. ಹೊರಗೆ ಬಂದ ಮೇಲೆ ತೆಲುಗು ಗೃಹಸ್ಥರೊಬ್ಬರ ಫೋನಿನಿಂದ ಅಳಿಯನನ್ನು ಕರೆಸಿಕೊಂಡದ್ದಾಯಿತು. ತುಂಬು ಗರ್ಭಿಣಿಯಾದ ಮಗಳು ಅಷ್ಟು ಹೊತ್ತೂ ಮನೆಯಲ್ಲಿ ಅಳುತ್ತಿದ್ದಳಂತೆ.

ಆಮೇಲೆ ಅಳಿಯನನ್ನು ಕೇಳಿ, ನಮ್ಮ ಬುದ್ಧಿಯನ್ನೂ ಓಡಿಸಿ, ತಿಳಿದುಕೊಂಡದ್ದಿದು. ಇಂದಿನ ಸಾಧಾರಣ ಫೋನಿನ ಬ್ಯಾಟರಿಯು ಸುಮಾರು 19 ವ್ಯಾಟ್-ಗಂಟೆಯ ಶಕ್ತಿಯನ್ನು ಹಿಡಿಯುವುದು. ಹಳೆಯ ವಿಮಾನಗಳ ಆಸನದಲ್ಲಿರುವ ಯು.ಎಸ್.ಬಿ. ತೂತು ಕೆಲವು ಕಡೆ 5 ವೋಲ್ಟಿನಲ್ಲಿ ಅರ್ಧ ಆಂಪಿಯರನ್ನು, ಎಂದರೆ ಎರಡೂವರೆ ವ್ಯಾಟನ್ನು ಮಾತ್ರ ಕೊಡುವುದು. ಭಾಗಿಸಿ ನೋಡಿದರೆ ಫೋನು ತುಂಬಲು ಸುಮಾರು ಎಂಟು ಗಂಟೆ ಬೇಕು. ಜೊತೆಯಲ್ಲಿಯೇ ಸಿನಿಮಾ ನೋಡುತ್ತಿದ್ದರೆ, ತೂತುಬಿದ್ದ ಬಿಂದಿಗೆಯನ್ನು ತೊಟ್ಟಿಕ್ಕುವ ನಲ್ಲಿಯ ಕೆಳಗಿಟ್ಟಂತೆ. ದೊಡ್ಡ ಪ್ಲಗ್ಗಿನ ತೂತಿನಲ್ಲಿ ಸಾಮಾನ್ಯವಾಗಿ 110 ವೋಲ್ಟ್ ಬರುವುದು. ಚಾರ್ಜರಿನ ಮೇಲೆ 100–240 ಎಂದಿದ್ದರೆ ಭಯವಿಲ್ಲ. ಎರಡು ಸಣ್ಣ ಕಡ್ಡಿಗಳ ಹಗುರವಾದ ಚಾರ್ಜರೂ ಮಾರುದ್ದದ ವೈರೂ ಇದ್ದರೆ ಸಡಿಲ ತೂತಿನಲ್ಲಿಯೂ ನಿಲ್ಲಬಹುದು. ದುಬೈಯಂಥ ನಿಲ್ದಾಣಗಳಲ್ಲಿ ಗೋಡೆಯ ತೂತುಗಳು ಇಂಗ್ಲಿಷರ ಮಾದರಿಯವು, ಚೌಕದ ಮೂರು ಕಡ್ಡಿಗಳಿಗೆ ಮಾಡಿದವು, ಅಡಾಪ್ಟರಿಲ್ಲದೆ ಉಪಯೋಗವಿಲ್ಲ. ನಡುವೆ ಕಾಯುವ ಆ ನಾಲ್ಕು ಗಂಟೆಗಳೇ ಚಾರ್ಜಿಗೆ ಸುಸಮಯ. ನಾವು ಅದನ್ನು ಒಂಟೆಯ ಬೊಂಬೆಗಳನ್ನು ನೋಡುತ್ತ ಕಳೆದಿದ್ದೆವು.

ಪವರ್ ಬ್ಯಾಂಕಿನ ಲೆಕ್ಕವೂ ಸುಲಭವೇ. ಅದರ ಮೇಲೆ 20,000 ಎಂದು ಬರೆದಿದ್ದರೆ 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು, 74 ವ್ಯಾಟ್-ಗಂಟೆಯಾಯಿತು. 100ನ್ನು ಮೀರಿದರೆ ಸಂಸ್ಥೆಯ ಅಪ್ಪಣೆ ಬೇಕು; 160ನ್ನು ಮೀರಿದ್ದನ್ನು ಒಯ್ಯಲೇ ಕೂಡದು. ಅಂಕಿಯು ಅಳಿಸಿಹೋಗಿದ್ದರೂ ತಡೆಯಬಹುದು. ಕೈಚೀಲದಲ್ಲಿಯೇ ಇರಬೇಕೆಂಬ ನಿಯಮವು ಮೊದಲಿಗೆ ನಮಗೆ ವಿಚಿತ್ರವಾಗಿ ತೋರಿತು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನಿನಲ್ಲಿ, ಹೊರಡಲು ಸಿದ್ಧವಾಗಿದ್ದ ವಿಮಾನವೊಂದಕ್ಕೆ ಬೆಂಕಿ ಹತ್ತಿ, ಅದರಲ್ಲಿದ್ದ 176 ಮಂದಿ ಇಳಿದು ಪಾರಾದರು. ತಲೆಯ ಮೇಲಣ ಗೂಡಿನಲ್ಲಿದ್ದ ಪವರ್ ಬ್ಯಾಂಕಿನಿಂದಲೇ ಅದು ಹುಟ್ಟಿರಬೇಕೆಂದು ತನಿಖೆಯವರ ಅಭಿಪ್ರಾಯ. ಕಣ್ಣೆದುರಿನಲ್ಲಿ ಹೊಗೆಯಾಡಿದರೆ ಆರಿಸಬಹುದು. ಸರಕಿನ ಉಗ್ರಾಣದಲ್ಲಿ ಹೊತ್ತಿಕೊಂಡರೆ ನೋಡುವವರು ಯಾರು? ಅದೇ ವರ್ಷ ಏಪ್ರಿಲಿನಿಂದ ಸಿಂಗಾಪುರ್ ಏರ್‌ಲೈನ್ಸಿನವರೂ ಅಕ್ಟೋಬರಿನಿಂದ ಎಮಿರೇಟ್ಸಿನವರೂ ಪವರ್ ಬ್ಯಾಂಕನ್ನು ಒಯ್ಯಬಹುದು, ಹಾರಾಟದಲ್ಲಿ ಉಪಯೋಗಿಸಕೂಡದು ಎಂದು ವಿಧಿಸಿದರು. ಆದುದರಿಂದ ಹೊರಡುವ ಮುನ್ನ ತಾವು ಹೋಗುವ ಸಂಸ್ಥೆಯ ನಿಯಮವನ್ನು ಕೇಳಿಕೊಳ್ಳತಕ್ಕದ್ದು. ಉಬ್ಬಿದ ಬ್ಯಾಟರಿಯನ್ನು ಮನೆಯಲ್ಲಿಯೂ ಇಡಬಾರದು, ವಿಮಾನಕ್ಕಂತೂ ತರಲೇಬಾರದು. ಫೋನು ಆಸನದ ಸಂದಿಯಲ್ಲಿ ಬಿದ್ದರೆ ಆಸನವನ್ನು ಅಲುಗಿಸದೆ ಪರಿಚಾರಿಕೆಯನ್ನು ಕರೆಯಬೇಕು. ಜಜ್ಜಿದ ಬ್ಯಾಟರಿಯೂ ಉರಿಯುವುದು.

ಇಷ್ಟಾಗಿ, ಆಸನದ ತೂತನ್ನೂ ಪವರ್ ಬ್ಯಾಂಕನ್ನೂ ನಂಬಲಾಗದಿದ್ದಲ್ಲಿ ಉಳಿಯುವ ಉಪಾಯ ಮಿತವ್ಯಯವೊಂದೇ. ವಿಮಾನವು ಏಳುವ ಮೊದಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಬೇಕು. ಇಲ್ಲದಿದ್ದರೆ ಅದು ಆಕಾಶದಲ್ಲಿ ಇಲ್ಲದ ಟವರನ್ನು ಹುಡುಕುತ್ತ ತನ್ನ ಶಕ್ತಿಯನ್ನು ಸುಡುವುದು. ದೇವರನಾಮವಾಗಲಿ ಸಿನಿಮಾ ಆಗಲಿ ಎದುರಿನ ಆಸನದ ಪರದೆಯಲ್ಲಿ ದೊರೆತಷ್ಟೇ ಸಾಕು. ಕೊನೆಯ ಹಾರಾಟವನ್ನು ಹತ್ತುವಾಗ ಫೋನನ್ನು ಆರಿಸಿಯೇ ಬಿಡಬಹುದು.

ಹಿಂದಿರುಗುವಾಗ ಹಾಗೆಯೇ ಮಾಡಿದೆವು. ಪಕ್ಕದವರನ್ನು ಕೇಳಿ ಅರ್ಧ ಗಂಟೆ ಅವರ ತೂತನ್ನೂ ಪಡೆದೆವು; ಅವರು ಸಂತೋಷದಿಂದಲೇ ಕೊಟ್ಟರು. ದೇವನಹಳ್ಳಿಯಲ್ಲಿ ಇಳಿದಾಗ ಫೋನಿನಲ್ಲಿ ನೂರಕ್ಕೆ 41ರಷ್ಟು ಉಳಿದಿತ್ತು. ಗೊರಗುಂಟೆಪಾಳ್ಯದ ಸಿಗ್ನಲಿನಲ್ಲಿ ನಿಂತು, ಕ್ಷೇಮವಾಗಿ ತಲುಪಿದೆವೆಂದು ಮಗಳಿಗೆ ತಿಳಿಸಿ, ಮೊಮ್ಮಗುವಿನ ಮುಖವನ್ನೂ ನೋಡಿದೆವು. ಲಗ್ಗೆರೆಯ ಮನೆಗೆ ಬಂದು ಬಾಗಿಲು ತೆಗೆದರೆ ಕರೆಂಟು ಹೋಗಿತ್ತು.