ಬೆಳವಣಿಗೆಯ ಕಡಿವಾಣ

ಕ್ರಿ. ಶ. ೭೫೨ರಲ್ಲಿ ಜಪಾನಿನ ಸಾಮ್ರಾಜ್ಞಿ ಕೋಕೆನ್ ಒಂದು ಪುಟ್ಟ ಕವಿತೆಯನ್ನು ರಚಿಸಿದಳೆಂದು ಪ್ರತೀತಿ. ‘ಮಾನ್‌ಯೋಶೂ’ ಎಂಬ ಪ್ರಾಚೀನ ಸಂಕಲನದಲ್ಲಿ ಅದು ಉಳಿದುಬಂದಿದೆ. ಬೇಸಗೆಯ ಬಯಲಿನಲ್ಲಿ ಕಂಡ ಗಿಡವೊಂದರ ಎಲೆಗಳು ಅಕಾಲದಲ್ಲಿಯೇ ಹಳದಿಗೊಂಡಿದ್ದುದು ಅದರ ವಸ್ತು. ಸಾಹಿತ್ಯದ ವಿದ್ಯಾರ್ಥಿಯಾದ ನಾನು ಅದನ್ನು ಋತುವರ್ಣನೆಯೆಂದೇ ಓದಿ ಮುಂದೆ ಸಾಗುತ್ತಿದ್ದೆನೇನೋ. ಆದರೆ ೨೦೦೩ರಲ್ಲಿ ಇಂಗ್ಲೆಂಡ್ ಮತ್ತು ಜಪಾನಿನ ವಿಜ್ಞಾನಿಗಳು ಆ ಗಿಡದ ಜಾತಿಯನ್ನೇ ಪರೀಕ್ಷಿಸಿ, ಹಳದಿ ಬಣ್ಣಕ್ಕೆ ವೈರಸ್ ಕಾರಣವೆಂದು ತೋರಿಸಿದರು. ಸಸ್ಯಗಳ ವೈರಸ್ ರೋಗದ ಅತ್ಯಂತ ಹಳೆಯ ದಾಖಲೆಯೆಂದು ಇಂದು ಎಣಿಸಲಾಗುತ್ತಿರುವುದು ವೈದ್ಯಗ್ರಂಥವಲ್ಲ, ಕೃಷಿಗ್ರಂಥವಲ್ಲ, ಒಂದು ಕವಿತೆ.

ಆ ವೈರಸ್ಸಿನ ಬಳಗಕ್ಕೆ ‘ಜೆಮಿನಿ’ ಎಂದು ಹೆಸರು. ನಮ್ಮ ಮಿಥುನ ರಾಶಿಯ ಹೆಸರೇ ಅದು. ಅದರ ಕಣಗಳು ಅವಳಿಜವಳಿಯಾಗಿ ಅಂಟಿಕೊಂಡಿರುವುದರಿಂದ ಆ ಹೆಸರು ಬಂತು. ನಮ್ಮ ಹಿತ್ತಲಿನ ಟೊಮ್ಯಾಟೊ ಗಿಡಗಳ ಎಲೆಗಳನ್ನು ಹೋದ ವರ್ಷ ಮುರುಟಿಸಿದ್ದೂ ಇದೇ ಬಳಗ. ಬಿಳಿನೊಣ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ನನಗೆ ಹೋದದ್ದು ಹತ್ತು ಸಸಿ. ಕೋಲಾರದ ಕಡೆಯ ರೈತನಿಗಾದರೋ ಅದು ಸಾಲದ ಮಾತು, ವರ್ಷದ ಅನ್ನದ ಮಾತು. “ಗಿಡ ಸುಮ್ಮನೆ ಸೋತುಬಿಡುತ್ತದೆಯೇನಮ್ಮ?” ಎಂದು ಸಸ್ಯವಿಜ್ಞಾನವನ್ನು ಕಲಿಸುವ ನನ್ನ ಸೊಸೆಯನ್ನು ಕೇಳಿದೆ. “ಇಲ್ಲ ಮಾವ, ನಮ್ಮ ಕಣ್ಣಿಗೆ ಬೀಳದ ಹಾಗೆ ಹೋರಾಡುತ್ತೆ” ಎಂದಳು. ಆ ಹೋರಾಟದಲ್ಲಿ ಮುಖ್ಯ ಪಾತ್ರ ವಹಿಸುವ ‘ಪ್ರೋಟೀನ್ ಕೈನೇಸ್’ ಎಂಬ ಕಿಣ್ವಗಳ ವಿಚಾರವನ್ನು, ಆಕೆಯಿಂದ ತಿಳಿದು ಅನಂತರ ಓದಿಕೊಂಡಷ್ಟನ್ನು, ತಮ್ಮ ಮುಂದಿಡುತ್ತೇನೆ.

‘ಕೈನೇಸ್’ ಎಂಬುದರ ಮೂಲ ಗ್ರೀಕ್ ಧಾತುವಿಗೆ ಚಲಿಸುವಂತೆ ಮಾಡು ಎಂದು ಅರ್ಥ. ಜೀವಕೋಶದಲ್ಲಿ ಎಟಿಪಿ ಎಂಬ ಶಕ್ತಿದ್ರವ್ಯ ಉಂಟು. ಅದರಲ್ಲಿ ಮೂರು ಫಾಸ್ಫೇಟುಗಳು ಸಾಲಾಗಿ ಇರುತ್ತವೆ. ಕೊನೆಯ ಫಾಸ್ಫೇಟನ್ನು ತೆಗೆದು ಮತ್ತೊಂದು ಪ್ರೋಟೀನಿಗೆ ತೊಡಿಸುವುದೇ ಕೈನೇಸಿನ ಕೆಲಸ. ಇಷ್ಟರಿಂದ ಏನಾದೀತು ಎನ್ನಬಹುದು. ಕನ್ನಡ ಮೇಷ್ಟರಾಗಿದ್ದ ನನಗೆ ನಮ್ಮ ಕಾಗುಣಿತ ನೆನಪಾಗುತ್ತದೆ. ‘ಬಳೆ’ಯ ಮೊದಲಕ್ಷರಕ್ಕೆ ಒಂದು ದೀರ್ಘ ಕೊಟ್ಟರೆ ‘ಬಾಳೆ’ಯಾಗುತ್ತದೆ. ಅಕ್ಷರಗಳು ಅವೇ, ಸೇರಿದ್ದು ಒಂದು ಚಿಹ್ನೆ, ಬದಲಾದದ್ದು ಪೂರ್ತಿ ಅರ್ಥ. ಫಾಸ್ಫೇಟ್ ತೊಟ್ಟ ಪ್ರೋಟೀನೂ ಹಾಗೆಯೇ ರೂಪವನ್ನು ತುಸು ಬದಲಿಸಿಕೊಂಡು, ಮಲಗಿದ್ದರೆ ಏಳುತ್ತದೆ, ಎದ್ದಿದ್ದರೆ ಮಲಗುತ್ತದೆ. ಆ ಚಿಹ್ನೆಯನ್ನು ಅಳಿಸುವ ಕಿಣ್ವಗಳೂ ಬೇರೆ ಇವೆ. ಈ ವ್ಯವಸ್ಥೆಯನ್ನು ೧೯೫೦ರ ದಶಕದಲ್ಲಿ ಪ್ರಾಣಿಗಳ ಸ್ನಾಯುವಿನಲ್ಲಿ ಕಂಡುಹಿಡಿದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ ೧೯೯೨ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನಮ್ಮ ದೇಹದಲ್ಲಿ ಸುಮಾರು ಐನೂರು ಬಗೆಯ ಕೈನೇಸುಗಳಿವೆ. ಸಾಸಿವೆಯ ಸಂಬಂಧಿಯಾದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಸುಮಾರು ಸಾವಿರ! ಓಡಿಹೋಗಲಾರದ ಜೀವಿ ನಿಂತಲ್ಲಿಯೇ ಎಲ್ಲವನ್ನೂ ಗ್ರಹಿಸಿ ನಿಭಾಯಿಸಬೇಕಲ್ಲವೆ?

ಆ ಸಾವಿರದಲ್ಲಿ ಒಂದರ ಹೆಸರು ‘ಸ್ನರ್ಕ್-೧’. ಇದನ್ನು ಗಿಡದ ಮನೆಯ ಯಜಮಾನಿ ಎನ್ನಬಹುದು. ಬೆಳಕು ಕಡಮೆಯಾಗಿ ಎಲೆಯಲ್ಲಿ ಸಕ್ಕರೆ ತಗ್ಗಿದಾಗ ಈ ಯಜಮಾನಿ ಖರ್ಚನ್ನು ಬಿಗಿಹಿಡಿಯುತ್ತಾಳೆ. ಅದು ಹೇಗೆ? ಜೀನ್‌ಗಳಲ್ಲಿರುವ ಬರಹವನ್ನು ಆರ್‌ಎನ್‌ಎ ಆಗಿ ನಕಲು ಮಾಡುವ ಕ್ರಿಯೆಗೆ ಪ್ರತಿಲೇಖನವೆಂದು ಹೆಸರು. ಯಾವ ಪುಟವನ್ನು ನಕಲು ಮಾಡಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದನ್ನು ಕೆಲವು ನಿಯಂತ್ರಕ ಪ್ರೋಟೀನುಗಳು ನಿರ್ಧರಿಸುತ್ತವೆ. ಸ್ನರ್ಕ್ ಅಂಥವುಗಳಿಗೆ ಫಾಸ್ಫೇಟ್ ತೊಡಿಸಿ ಅವುಗಳ ನಡೆಯನ್ನು ಬದಲಿಸುತ್ತದೆ. ಹೀಗೆ ಅದರ ಅಂಕೆಗೆ ಒಳಪಡುವ ಜೀನ್‌ಗಳು ಸುಮಾರು ಸಾವಿರವೆಂದು ೨೦೦೭ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕೂಡಿಟ್ಟದ್ದನ್ನು ಕರಗಿಸಿ ಬಳಸುವ ಜೀನ್‌ಗಳು ತೆರೆದುಕೊಳ್ಳುತ್ತವೆ; ಹೊಸದನ್ನು ಕಟ್ಟುವ ಜೀನ್‌ಗಳು ಮುಚ್ಚಿಕೊಳ್ಳುತ್ತವೆ. ಸಕ್ಕರೆ ತುಂಬಿದ್ದಾಗ ಬೆಳವಣಿಗೆಯನ್ನು ಮುಂದಕ್ಕೆ ನೂಕುವ ‘ಟಾರ್’ ಎಂಬ ಇನ್ನೊಂದು ಕೈನೇಸಿಗೂ ಇದು ಕಡಿವಾಣ. ಒಂದು ಎಳೆದರೆ ಇನ್ನೊಂದು ತಡೆಯುತ್ತದೆ; ಗಿಡ ಇವೆರಡರ ನಡುವೆ ಬೆಳೆಯುತ್ತದೆ.

ಈಗ ವೈರಸ್ಸಿನ ಮಾತಿಗೆ ಬರೋಣ. ವೈರಸ್ಸಿಗೆ ಸ್ವಂತ ಮನೆಯಿಲ್ಲ, ಅಡಿಗೆಯಿಲ್ಲ. ಬೆರಳೆಣಿಕೆಯ ಜೀನ್‌ಗಳನ್ನು ಹೊತ್ತು ಬಂದು, ಗಿಡದ ಸಾಮಗ್ರಿಯಿಂದಲೇ ತನ್ನ ಸಂತತಿಯನ್ನು ಕಟ್ಟಿಕೊಳ್ಳಬೇಕು. ಉಗ್ರಾಣದ ಬಾಗಿಲು ಬಿಗಿಯಾದರೆ ಅದಕ್ಕೆ ಕಷ್ಟ. ೨೦೦೩ರಲ್ಲಿ ಅಮೆರಿಕದ ಸಂಶೋಧಕರು ಕಂಡದ್ದು ಇದನ್ನೇ: ಜೆಮಿನಿ ವೈರಸ್ಸುಗಳ ಒಂದು ಪ್ರೋಟೀನು ನೇರವಾಗಿ ಹೋಗಿ ಸ್ನರ್ಕನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ತಂಬಾಕಿನ ಬಂಧುವಾದ ಒಂದು ಗಿಡದಲ್ಲಿ ಸ್ನರ್ಕನ್ನು ತಗ್ಗಿಸಿದಾಗ ರೋಗ ಸುಲಭವಾಗಿ ತಗುಲಿತು. ಹೆಚ್ಚಿಸಿದಾಗ ಗಿಡ ತಡೆದುಕೊಂಡಿತು. ಮನೆಗೆ ನುಗ್ಗಿದ ಕಳ್ಳ ಮೊದಲು ಯಜಮಾನಿಯ ಕೈಯನ್ನೇ ಕಟ್ಟಿಹಾಕುತ್ತಾನೆ.

ಗಿಡವೂ ಸುಮ್ಮನಿರುವುದಿಲ್ಲ. ಕೋಕೆನ್ ಕಂಡ ಗಿಡದ ರೋಗದಲ್ಲಿ ವೈರಸ್ಸಿನ ಜೊತೆಗೆ ಒಂದು ಪುಟ್ಟ ಅನುಚರ ಡಿಎನ್‌ಎ ಕೂಡ ಇತ್ತು. ಇಂಥ ಅನುಚರಗಳಲ್ಲಿ ಇರುವುದು ಮುಖ್ಯವಾಗಿ ಒಂದೇ ಪ್ರೋಟೀನಿನ ಬರಹ. ಎಲೆಯನ್ನು ಮುರುಟಿಸುವ, ಗಿಡದ ರಕ್ಷಣೆಯನ್ನು ಕೆಡಿಸುವ ಕಿಡಿಗೇಡಿ ಆ ಪ್ರೋಟೀನು. ಚೀನದ ಟೊಮ್ಯಾಟೊ ರೋಗವೊಂದರ ಅನುಚರವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಟೊಮ್ಯಾಟೊವಿನ ಸ್ನರ್ಕ್ ಈ ಶತ್ರುವಿನ ಪ್ರೋಟೀನಿಗೇ ಫಾಸ್ಫೇಟ್ ತೊಡಿಸಿ ಅದರ ಹಾವಳಿಯನ್ನು ತಗ್ಗಿಸುತ್ತದೆಂದು ೨೦೧೧ರಲ್ಲಿ ಪ್ರಕಟಿಸಿದರು. ಸ್ನರ್ಕ್ ಹೆಚ್ಚಿದ್ದ ಗಿಡಗಳಲ್ಲಿ ರೋಗಲಕ್ಷಣಗಳು ತಡವಾಗಿ ಕಾಣಿಸಿಕೊಂಡವು. ವೈರಸ್ಸಿನ ಡಿಎನ್‌ಎಯೂ ಕಡಮೆಯಿತ್ತು. ಶತ್ರುವಿನ ಬರಹವನ್ನು ಅಳಿಸಲಾಗದಿದ್ದರೂ, ಅದರ ಮೇಲೆ ಒಂದು ದೀರ್ಘವನ್ನಿಟ್ಟು ಅರ್ಥ ಕೆಡಿಸಿದಂತಾಯಿತು.

ಹಾಗಾದರೆ ಸ್ನರ್ಕನ್ನು ಬೇಕಾದಷ್ಟು ಹೆಚ್ಚಿಸಿದ ತಳಿಯನ್ನು ರೈತರಿಗೆ ಕೊಡಬಾರದೆ ಎಂದು ನಾನೂ ಕೇಳಿದೆ. ಸೊಸೆ ನಕ್ಕಳು. “ಕಡಿವಾಣ ಜಗ್ಗಿಯೇ ಹಿಡಿದರೆ ಕುದುರೆ ಓಡುವುದು ಯಾವಾಗ ಮಾವ?” ಎಂದಳು. ರಕ್ಷಣೆ ಹೆಚ್ಚಿ ಬೆಳೆ ಕುಗ್ಗಿದರೆ ರೈತನಿಗೆ ಎರಡೂ ನಷ್ಟವೇ. ರೋಗ ತಗುಲಿದಾಗ ಮಾತ್ರ, ತಗುಲಿದ ಕಡೆ ಮಾತ್ರ ಬಿಗಿಯುವ ಕಡಿವಾಣ ಬೇಕು. ಅಲ್ಲಿಯ ತನಕ ಸಸಿಮಡಿಗೆ ಬಿಳಿನೊಣ ನುಸುಳದಂಥ ಬಲೆ, ರೋಗ ತಾಳುವ ತಳಿ, ಇವೇ ಅವನ ಆಸರೆ.

ಈ ವರ್ಷ ಮತ್ತೆ ಸಸಿ ನೆಟ್ಟಿದ್ದೇನೆ. ಬೆಳಗ್ಗೆ ಎಲೆ ಮಗುಚಿ ನೋಡುವಾಗ, ಹನ್ನೆರಡು ಶತಮಾನಗಳ ಹಿಂದೆ ಹಳದಿ ಎಲೆಯ ಮುಂದೆ ಒಂದು ಕ್ಷಣ ನಿಂತ ಆ ಹೆಂಗಸು ನೆನಪಾಗುತ್ತಾಳೆ. ಆಕೆ ಕಂಡದ್ದು ಸರಿಯಾಗಿಯೇ ಇತ್ತು. ಕಾರಣ ತಿಳಿಯಲು ನಮಗೆ ಇಷ್ಟು ಕಾಲ ಹಿಡಿಯಿತು.