ನೂಲನ್ನು ಹೊಗುವ ಬಣ್ಣ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಗೆ ಅದರ ಸೆರಗೇ ಶೋಭೆ. ಅಲ್ಲಿ ಕೆಂಪು ನೂಲೂ ಬಿಳಿಯ ನೂಲೂ ಒಂದರ ಮಗ್ಗುಲಿಗೊಂದು ಕುಳಿತು ಚಿತ್ತಾರವನ್ನು ಮೂಡಿಸುತ್ತವೆ. ಮೊದಲ ಒಗೆತದಲ್ಲೇ ಕೆಂಪು ಬಿಟ್ಟು ಬಿಳಿಯನ್ನು ಹಿಡಿಯಿತೆಂದರೆ ನೇಕಾರನ ದಿನಗಟ್ಟಲೆಯ ದುಡಿಮೆ ಮಣ್ಣುಗೂಡಿದಂತೆಯೇ. ಬಣ್ಣವು ನೂಲನ್ನು ಹೊಗುವುದೂ ನೂಲಿನಿಂದ ಹೊರಡುವುದೂ ಒಂದೇ ನಿಯಮದಿಂದ ಎಂಬುದು ಸೋಜಿಗದ ಸಂಗತಿ.

ನಿಶ್ಚಲವಾದ ನೀರಿಗೆ ಒಂದು ತೊಟ್ಟು ಬಣ್ಣ ಬಿಟ್ಟರೆ, ಯಾರೂ ಕಲಕದಿದ್ದರೂ ಅದು ಮೆಲ್ಲಮೆಲ್ಲನೆ ಹರಡುತ್ತದೆ. ಇದಕ್ಕೆ ವಿಸರಣ ಎಂದು ಹೆಸರು. ದ್ರಾವಣದ ಗೊತ್ತಾದ ಅಳತೆಯಲ್ಲಿ ಎಷ್ಟು ಬಣ್ಣ ಕರಗಿದೆ ಎಂಬುದು ಅದರ ಸಾರತೆ. ಬಣ್ಣವು ಹೆಚ್ಚು ಸಾರತೆಯ ಕಡೆಯಿಂದ ಕಡಿಮೆ ಸಾರತೆಯ ಕಡೆಗೆ ಸಾಗುತ್ತದೆ. ಆದರೆ ಅಣುಗಳಿಗೆ ದಿಕ್ಕಿನ ಅರಿವೆಲ್ಲಿಯದು?

ಬಾದಾಮಿಯ ಬನಶಂಕರಿ ಜಾತ್ರೆಯ ಬಯಲಿನಲ್ಲಿ ನೆಲದ ಮೇಲೊಂದು ಗೆರೆ ಎಳೆದಿದೆಯೆಂದು ಊಹಿಸಿಕೊಳ್ಳಿ. ಗೆರೆಯ ಈಚೆಗೆ 1000 ಜನ, ಆಚೆಗೆ 200 ಜನ. ನಿಮಿಷಕ್ಕೆ ಹತ್ತರಲ್ಲಿ ಒಬ್ಬರು ತಮಗೆ ತಿಳಿಯದೆಯೇ ಗೆರೆ ದಾಟುತ್ತಾರೆ. ಆಗ ಆಚೆಗೆ ಹೋಗುವವರು 100, ಈಚೆಗೆ ಬರುವವರು 20. ಒಟ್ಟಿನಲ್ಲಿ 80 ಜನ ಆಚೆಗೆ ಸರಿದಂತಾಯಿತು. ಈಚೆಗೆ 2000 ಜನರಿದ್ದರೆ ಈ ಸಂಖ್ಯೆ 180 ಆಗುತ್ತದೆ. ಎರಡೂ ಕಡೆ 600 ಆದಾಗ ಓಡಾಟ ನಿಲ್ಲುವುದಿಲ್ಲ. ಹೋಗುವವರೂ ಬರುವವರೂ ಸಮನಾಗುತ್ತಾರೆ, ಅಷ್ಟೆ. ಮುಖ್ಯವಾದುದು ಎರಡು ಕಡೆಗಳ ನಡುವಣ ಅಂತರ. ಜರ್ಮನಿಯ ಶರೀರವಿಜ್ಞಾನಿ ಅಡಾಲ್ಫ್ ಫಿಕ್ 1855ರಲ್ಲಿ ಇದನ್ನು ಗಣಿತದ ಸೂತ್ರವಾಗಿ ಹೇಳಿದನು: ಸಾರತೆಯ ಇಳಿಜಾರು ಕಡಿದಾದಷ್ಟೂ ವಿಸರಣದ ದರ ಹೆಚ್ಚು.

ಶಾಲೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಮೂರು ಪ್ರನಾಳಗಳಲ್ಲಿ ಅಗರ್ ಜೆಲ್ಲಿಯನ್ನು ಸಮನಾಗಿ ಹೆಪ್ಪುಗಟ್ಟಿಸಿ, ಅಡಿಗೆಗೆ ಬಳಸುವ ಬಣ್ಣವನ್ನು ನೀರಿನಲ್ಲಿ 1, 2, 4ರ ಪ್ರಮಾಣದಲ್ಲಿ ಕರಗಿಸಿ ಒಂದೊಂದರ ಮೇಲೆ ಸುರಿಯಿರಿ. ಮರುದಿನ ನೋಡಿದರೆ ಪ್ರಬಲ ದ್ರಾವಣದ ಬಣ್ಣ ಹೆಚ್ಚು ಆಳಕ್ಕೆ ಇಳಿದಿರುವುದು ಕಾಣುತ್ತದೆ. ಆದರೆ ನಾಲ್ಕು ಪಟ್ಟು ಆಳಕ್ಕಲ್ಲ! ಜೆಲ್ಲಿಯನ್ನು ಹೊಕ್ಕ ಬಣ್ಣದ ಮೊತ್ತ ನಾಲ್ಕು ಪಟ್ಟಾದರೂ ಆಳ ಅಷ್ಟು ಬೆಳೆಯದು. ದೂರ ಇಮ್ಮಡಿಯಾದರೆ ಬೇಕಾಗುವ ಕಾಲ ನಾಲ್ಮಡಿಯಾಗುತ್ತದೆ. ನಿಶ್ಚಲ ನೀರಿನಲ್ಲಿ ಸಣ್ಣ ಅಣುವೊಂದು 1 ಮಿಲಿಮೀಟರ್ ಸಾಗಲು ಸುಮಾರು 8 ನಿಮಿಷ ಸಾಕು. 1 ಸೆಂಟಿಮೀಟರಿಗೆ ಸುಮಾರು 14 ಗಂಟೆ ಬೇಕು.

ಬಣ್ಣದ ತೊಟ್ಟಿಯಲ್ಲಿಯೂ ಇದೇ ಕಥೆ. ಸಾರತೆ ಒಮ್ಮೆಗೇ ಹೆಚ್ಚಾದರೆ ನೂಲಿನ ಮೈ ಬೇಗ ಕಪ್ಪಿಟ್ಟು, ಒಡಲು ಪೇಲವವಾಗಿ ಉಳಿದೀತು. ಲಡಿಯ ಒಂದು ಭಾಗ ಗಾಢ, ಇನ್ನೊಂದು ತೆಳು ಆದೀತು. ಆದುದರಿಂದ ಬಣ್ಣವನ್ನು ಕಂತುಕಂತಾಗಿ ಸೇರಿಸುವುದು, ಲಡಿಯನ್ನು ಮಗುಚುತ್ತಿರುವುದು, ಅಣುಗಳ ಚಲನೆ ಚುರುಕಾಗಲೆಂದು ಕಾಯಿಸುವುದು.

ಇನ್ನು ಒಗೆತ. ಈಗ ನೂಲಿನಲ್ಲಿ ಬಣ್ಣವುಂಟು, ನೀರಿನಲ್ಲಿಲ್ಲ, ಇಳಿಜಾರು ಹೊರಮುಖವಾಗಿದೆ. ಒಳಬಂದ ಬಣ್ಣವನ್ನು ಅಲ್ಲಿಯೇ ಬಂಧಿಸದಿದ್ದರೆ ಅದು ಬಂದ ದಾರಿಯಲ್ಲಿಯೇ ಹೊರಟುಹೋಗುತ್ತದೆ. ಕೆಲವು ಬಣ್ಣಗಳು ನಾರಿನ ಅಣುಗಳೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಇಂಡಿಗೊ ನೀಲಿಯ ಉಪಾಯ ಬೇರೆ: ತೊಟ್ಟಿಯಲ್ಲಿ ಅದು ಕರಗುವ ಹಳದಿಹಸುರು ರೂಪದಲ್ಲಿದ್ದು ನೂಲನ್ನು ಹೊಗುತ್ತದೆ, ಗಾಳಿ ಸೋಕಿದೊಡನೆ ನೀರಿನಲ್ಲಿ ಕರಗದ ನೀಲಿಯಾಗಿ ನಾರಿನೊಳಗೆ ಸಿಕ್ಕಿಬೀಳುತ್ತದೆ.

ಹೀಗೆ ಬಂಧನಕ್ಕೊಳಗಾಗದ ಬಣ್ಣವನ್ನು ನೇಯ್ಗೆಗೆ ಮೊದಲೇ ತೊಳೆದು ತೆಗೆಯಬೇಕು. ಅದಕ್ಕೂ ಫಿಕ್ಕನ ನಿಯಮವೇ ನೆರವು. ಒಂದೇ ಬಣ್ಣದ ಹೊಸ ನೂಲಿನ ಎರಡು ತುಂಡುಗಳನ್ನು ಎರಡು ಬಟ್ಟಲುಗಳಲ್ಲಿ ನೆನೆಯಿಡಿ. ಒಂದರ ನೀರನ್ನು ಗಂಟೆಗೊಮ್ಮೆ ಬದಲಿಸಿ, ಇನ್ನೊಂದನ್ನು ಹಾಗೆಯೇ ಬಿಡಿ. ಯಾವ ನೂಲು ಹೆಚ್ಚು ಬಣ್ಣ ಬಿಟ್ಟಿತು, ಏಕೆ ಎಂಬುದನ್ನು ಈಗ ನೀವೇ ಹೇಳಬಲ್ಲಿರಿ.